ಎಳನೀರು ಹೊಯ್ದ ಕಾಲು

ಬಿಳಿಗೆರೆಯಲ್ಲಿ ಯಾರನ್ನು ಕೇಳಿದರೂ ಕಥೆ ಒಂದೇ. ನನ್ನ ಗೆಳತಿಯ ಎಡಗಾಲಿಗೆ ಸರ್ಪಸುತ್ತು ಆಯಿತು. ಅವಳ ಸೋದರತ್ತೆ ಮೂರು ಭಾನುವಾರ ಕೆಮ್ಮಣ್ಣು ಬರೆದರು. ಸರ್ಪ ಇಳಿಯಿತು. ಹೇಳುವುದಕ್ಕೆ ಒಂದು ನಿಮಿಷ ಸಾಕು, ಕೊನೆಯಲ್ಲಿ ಎಲ್ಲರಿಗೂ ನೆಮ್ಮದಿ. ಇಷ್ಟು ಅಚ್ಚುಕಟ್ಟಾಗಿ ಮುಗಿಯುವ ಕಥೆಯನ್ನು ನಾನು ಸುಮ್ಮನೆ ಒಪ್ಪುವವಳಲ್ಲ.

ನನ್ನ ಆಕ್ಷೇಪ ಮೂರು. ಮೊದಲನೆಯದು, ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಮಗ್ಗುಲಿಗೆ ಪಟ್ಟಿಯ ಹಾಗೆ ಏಳುತ್ತದೆ. ಬಾವಿಯ ಹಗ್ಗ ಸುತ್ತಿದ ಹಾಗೆ ಮೀನಖಂಡವನ್ನು ಎರಡು ಸುತ್ತು ಬಳಸುವುದಿಲ್ಲ. ಎರಡನೆಯದು, ಕೆಮ್ಮಣ್ಣು ಬರೆದ ಮೇಲೆ ವಾಸಿಯಾಯಿತು ಎನ್ನುವುದು ಬೇರೆ, ಬರೆದದ್ದರಿಂದ ವಾಸಿಯಾಯಿತು ಎನ್ನುವುದು ಬೇರೆ. ಮೂರನೆಯದು, ಆ ಕಾಲಿಗೆ ಏನಾಯಿತು ಎಂದು ನನಗೆ ಗೊತ್ತು, ಏಕೆಂದರೆ ನಾನು ಪಕ್ಕದಲ್ಲೇ ನಿಂತಿದ್ದೆ. ಮೊದಲೆರಡನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಮೂರನೆಯದನ್ನು ಅರ್ಧ ಹೇಳಿ ಅರ್ಧ ಬಿಟ್ಟಿದ್ದೇನೆ. ಆ ಬಿಟ್ಟ ಅರ್ಧಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾವಿಬ್ಬರೂ ತಿಪಟೂರಿನ ಕಾಲೇಜೊಂದರಲ್ಲಿ ಡಿಗ್ರಿ ಓದುತ್ತಿದ್ದೆವು. ನಾನು ಶೆಟ್ಟಿಕೆರೆ ಕಡೆಯವಳು, ಅವಳು ಬಿಳಿಗೆರೆಯವಳು. ಚರ್ಚಾಸ್ಪರ್ಧೆಗೆ ಇಬ್ಬರ ತಂಡ ಬೇಕು ಎಂದು ಮೇಷ್ಟ್ರು ಕೇಳಿದಾಗ ನನ್ನ ಹೆಸರು ಮೊದಲೇ ಬರೆದಾಗಿತ್ತು. ನನ್ನ ಜೊತೆಗೆ ಯಾರು ಎಂದಾಗ ಹಿಂದಿನ ಬೆಂಚಿನಿಂದ ಒಬ್ಬಳು, "ಬುಡಿ ಸಾರ್, ಅವ್ಳು ನಮ್ಗೇ ಎದುರು ವಾದ ಮಾಡ್ತಾಳೆ" ಎಂದಳು. ಎಲ್ಲರೂ ನಕ್ಕರು. ನಗದೆ ಕೈ ಎತ್ತಿದವಳು ಇವಳೊಬ್ಬಳೇ. ಅಲ್ಲಿಯವರೆಗೆ ನನಗೆ ಗೆಳತಿ ಎಂದು ಹೇಳಿಕೊಳ್ಳುವಂಥವರು ಯಾರೂ ಇರಲಿಲ್ಲ. ಆಮೇಲೂ ಇವಳನ್ನು ಬಿಟ್ಟು ಇನ್ನೊಬ್ಬರು ಆಗಲಿಲ್ಲ.

ವೇದಿಕೆಯ ಮೇಲೆ ನಾನು ಬಾಯಿ, ಅವಳು ಚೀಟಿ. ನಾನು ಮಾತಾಡುತ್ತಿರುವಾಗ ಅವಳು ಬಸ್ಸಿನಲ್ಲಿ ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟ್ಟಿನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದು ಮೇಜಿನ ಮೇಲೆ ನನ್ನ ಎಡಗೈಯ ಕಡೆಗೆ ಸರಿಸುತ್ತಿದ್ದಳು. 'ಎರಡನೇ ಅಂಶ ಅವರೇ ಒಪ್ಪಿದ್ದಾರೆ.' 'ಸಿಟ್ಟಾಗ್ತಿದ್ದೀಯ.' 'ಇದು ತಪ್ಪು, ಬಿಟ್ಟು ಮುಂದೆ ಹೋಗು.' ಗೆದ್ದಾಗ ತೀರ್ಪುಗಾರರು ನನ್ನ ಬೆನ್ನು ತಟ್ಟುತ್ತಿದ್ದರು. ನಾನು ಎಷ್ಟು ಸಲ ತಪ್ಪುವುದರಲ್ಲಿದ್ದೆ ಎನ್ನುವುದು ಆ ಟಿಕೆಟ್ಟುಗಳಿಗೆ ಮಾತ್ರ ಗೊತ್ತಿತ್ತು.

ಕರಾವಳಿಯ ಒಂದು ಊರಿನಲ್ಲಿ ಅಂತರ ಕಾಲೇಜು ಸ್ಪರ್ಧೆ ಬಂತು. ಅವಳನ್ನು ಕಳಿಸಲು ಅವಳ ಅಪ್ಪನಿಗೆ ಮನಸ್ಸಿರಲಿಲ್ಲ. ಕಾರಣ ಜಾತಕ. ಅವಳು ಹುಟ್ಟಿದಾಗ ಯಾರೋ ಜಲಗಂಡ ಎಂದು ಬರೆದುಕೊಟ್ಟಿದ್ದರಂತೆ. ಅಂದಿನಿಂದ ಅವಳು ಕೆರೆ ಏರಿಯ ಮೇಲೆ ನಡೆದವಳಲ್ಲ, ತೋಟದ ತೊಟ್ಟಿಗೆ ಕಾಲು ಇಳಿಬಿಟ್ಟವಳಲ್ಲ. ಊರಿನ ಹುಡುಗಿಯರೆಲ್ಲ ಕೆರೆ ಕೋಡಿ ಬಿದ್ದ ವರ್ಷ ನೋಡಲು ಓಡಿದಾಗ ಇವಳು ಮನೆಯ ಹಜಾರದಲ್ಲಿ ಕೂತು ಕೊಬ್ಬರಿ ಹೋಳು ಮಾಡುತ್ತಿದ್ದಳಂತೆ. "ನೀರಿಗಿಳಿಯಲ್ಲ ಅಂತ ಮಾತು ಕೊಟ್ಟು ಹೋಗು" ಎಂದರು ಅಪ್ಪ. ಕೊಟ್ಟಳು.

ಸ್ಪರ್ಧೆಯಲ್ಲಿ ನಮಗೆ ಎರಡನೇ ಬಹುಮಾನ, ಒಂದು ಗೋಡೆ ಗಡಿಯಾರ. ಮೇಷ್ಟ್ರು ಲಾಡ್ಜಿನಲ್ಲಿ ಮಲಗಿದರು. ವಾಪಸ್ ಬಸ್ಸಿಗೆ ಇನ್ನೂ ಎರಡು ಮೂರು ಗಂಟೆ ಇತ್ತು. ನಾನು ಅವಳನ್ನು ಕಡಲ ದಂಡೆಗೆ ಕರೆದುಕೊಂಡು ಹೋದೆ. ಅವಳು ಮರಳಿನ ಮೇಲೆ ದೂರದಲ್ಲೇ ನಿಂತಳು.

"ನೋಡಾಯ್ತಲ್ಲ, ನಡಿ" ಎಂದಳು.

"ನೀರು ಮುಟ್ಟದೆ ಸಮುದ್ರ ನೋಡ್ದೆ ಅಂದ್ರೆ ಹೋಳಿಗೆ ವಾಸ್ನೆ ಕುಡಿದು ಊಟ ಆಯ್ತು ಅಂದಂಗೆ ಕಣೇ."

"ಮಾತು ಕೊಟ್ಟಿದೀನಿ."

"ಜಾತಕ ಬರ್ದೋನು ಯಾವ ನೀರು ಅಂತ ಬರ್ದವ್ನಾ? ದಿನಾ ಸ್ನಾನ ಮಾಡ್ತೀಯ, ಏನಾದ್ರೂ ಆಯ್ತಾ? ಸಮುದ್ರಕ್ಕೆ ನಿನ್ನ ಜಾತಕ ಓದಕ್ಕೆ ಬತ್ತದಾ?"

ಅವಳಿಗೆ ಉತ್ತರ ಇರಲಿಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ: ಎದುರಿನವರಿಗೆ ಉತ್ತರ ಇಲ್ಲದಿದ್ದರೆ ನಾವು ಸರಿ.

ದಾರಿಯಲ್ಲಿ ಮರಳ ಮೇಲೆ ಏನೋ ಬಿದ್ದಿತ್ತು. ಅಂಗೈ ಅಗಲ, ದುಂಡಗೆ, ಬೆಳ್ಳಗೆ, ಬೆಳಕು ಹಾಯುವಷ್ಟು ತೆಳ್ಳಗೆ. ಅವಳು ಬಗ್ಗಿ ನೋಡಿ, "ಯಾರೋ ಎಳನೀರು ಗಂಜಿ ಬಿಸಾಕವ್ರೆ ಕಣೇ. ಎಂಥ ಜನ, ತಿನ್ನೋದ್ನ ಚೆಲ್ಲಿ ಹೋಗವ್ರೆ" ಎಂದಳು. ನಾನೂ ಹೌದೆಂದೆ. ತೆಂಗಿನ ಸೀಮೆಯ ಕಣ್ಣಿಗೆ ಅದು ಇನ್ನೇನಾಗಿ ಕಾಣಬೇಕಿತ್ತು? ಬೇರೆ ಊರಿನವರಾಗಿದ್ದರೆ ಅದೇನು ಎಂದು ಯಾರನ್ನಾದರೂ ಕೇಳುತ್ತಿದ್ದರೇನೋ. ನಮಗೆ ಅದು ಗೊತ್ತಿರುವ ವಸ್ತುವೇ ಆಗಿತ್ತು. ನಾವು ಅದನ್ನು ದಾಟಿ ನೀರಿಗಿಳಿದೆವು.

ಅವಳು ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ ನಿಂತಳು. ಅಲೆ ಹಿಂದೆ ಸರಿಯುವಾಗ ಅಂಗಾಲಿನ ಕೆಳಗಿನ ಮರಳು ಜಾರುತ್ತದಲ್ಲ, ಅದಕ್ಕೆ ಹೆದರಿ ನನ್ನ ತೋಳು ಹಿಡಿದಳು, ಆಮೇಲೆ ನಗಲು ಶುರುಮಾಡಿದಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆ ನಗು ಎಷ್ಟು ಹೊತ್ತು ಇತ್ತು ಎಂದು ಈಗ ಲೆಕ್ಕ ಹಾಕಲು ಕೂತರೆ ನಾಲ್ಕೋ ಐದೋ ಅಲೆಗಳಷ್ಟು.

ಕಿರುಚಿದಳು. ನಾನು ಎಳೆದು ದಂಡೆಗೆ ತಂದೆ. ಎಡಗಾಲಿನ ಮೀನಖಂಡಕ್ಕೆ ಶಾವಿಗೆಯಂಥ ಎಳೆಗಳು ಅಂಟಿಕೊಂಡಿದ್ದವು. ಅವುಗಳ ಅಡಿಯಲ್ಲಿ ಚರ್ಮ ಬಾರುಕೋಲಿನ ಬಾಸುಂಡೆಯ ಹಾಗೆ ಕೆಂಪಗೆ ಏಳುತ್ತಿತ್ತು.

ಚುರುಮುರಿ ಮಾರುವವನೊಬ್ಬ ಅಲ್ಲಿಂದಲೇ, "ಉಚ್ಚೆ ಹೊಯ್ರಿ, ಉಚ್ಚೆ!" ಎಂದು ಕೂಗಿದ. ಅದಕ್ಕೆ ಆಧಾರವಿಲ್ಲ ಎಂದು ನಾನು ಎಲ್ಲೋ ಓದಿದ್ದೆ. ಒಂದೇ ವಾಕ್ಯದಲ್ಲಿ ಅವನ ಬಾಯಿ ಮುಚ್ಚಿಸಿದೆ. ಅದೇ ನನಗೆ ಮುಳುವಾಯಿತು. ಮೊದಲನೆಯವನು ತಪ್ಪು ಹೇಳಿದ್ದರಿಂದ ಆಮೇಲೆ ಬಂದವರೆಲ್ಲರೂ ತಪ್ಪು ಎಂದೇ ನನ್ನ ತಲೆಗೆ ಕೂತಿತು.

ಎರಡನೆಯದಾಗಿ ಬಂದವಳು ಮೀನು ಒಣಹಾಕುತ್ತಿದ್ದ ಒಬ್ಬ ಹೆಂಗಸು. ಬುಟ್ಟಿ ಬಿಟ್ಟು ಓಡಿಬಂದಿದ್ದಳು. "ಉಜ್ಜಬೇಡಿ ಮಾರಾಯ್ತಿ. ಕಡಲ ನೀರಲ್ಲೇ ತೊಳೀರಿ. ಸೀನೀರು ಮುಟ್ಟಿಸ್ಬೇಡಿ. ಮನೆ ಇಲ್ಲೇ ಉಂಟು, ಬಿಸಿನೀರು ಕಾಯಿಸಿ ಕೊಡ್ತೇನೆ."

"ಉಪ್ಪುನೀರಾ?" ಎಂದೆ ನಾನು. "ಗಾಯಕ್ಕೆ ಉಪ್ಪು ಸವರ್ದಂಗೆ ಅಂತ ಗಾದೆನೇ ಐತೆ. ಕಚ್ಚಿದ್ದೂ ಅದೇ ನೀರಲ್ಲಿ, ತೊಳೆಯೋದೂ ಅದೇ ನೀರಲ್ಲಾ?"

"ಗಾದೆ ನನಗೆ ಗೊತ್ತಿಲ್ಲ. ಇದು ಗೊತ್ತುಂಟು."

"ಯಾಕೆ ಅಂತ ಹೇಳಿ. ಕಾರಣ ಏನು?"

ಅವಳಿಗೆ ಕಾರಣ ಗೊತ್ತಿರಲಿಲ್ಲ. ಅವಳ ತಾಯಿ ಹಾಗೆ ಮಾಡುತ್ತಿದ್ದಳು, ಇವಳು ಹಾಗೆ ಮಾಡುತ್ತಾಳೆ, ಅಷ್ಟೇ. ನನ್ನ ಮಟ್ಟಿಗೆ ಅದು ಜಲಗಂಡಕ್ಕೂ ಕೆಮ್ಮಣ್ಣಿಗೂ ಸಮ. ಕಾರಣ ಹೇಳಲಾಗದವರು ಸೋತಂತೆ. ಫೋನು ನನ್ನ ಕೈಯಲ್ಲೇ ಇತ್ತು, ನೋಡಬಹುದಿತ್ತು. ಗೊತ್ತಿದೆ ಎಂದುಕೊಂಡವರು ನೋಡುತ್ತಾರೆಯೇ?

ನನಗೆ ಗೊತ್ತಿದ್ದದ್ದು ಎಳನೀರು. ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ತೆಂಗು ಇರುವುದು ಕೊಬ್ಬರಿಗೆ. ಕಾಯಿ ಬಲಿಯಬೇಕು, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಬೇಕು. ಎಳೆಯದನ್ನು ಕಿತ್ತು ಕುಡಿಯುವುದು ದಂಡ ಎಂದು ಹಿರಿಯರು ಗೊಣಗುತ್ತಾರೆ. ಮನೆಯಲ್ಲಿ ಯಾರಾದರೂ ಹುಷಾರು ತಪ್ಪಿದರೆ ಮಾತ್ರ ಮರ ಹತ್ತಿಸಿ ಎಳನೀರು ಇಳಿಸುತ್ತಾರೆ. ಜ್ವರಕ್ಕೆ ಎಳನೀರು, ವಾಂತಿಗೆ ಎಳನೀರು, ಸಿಡುಬೆದ್ದ ಮೈಗೆ ಎಳನೀರಿನ ಬಟ್ಟೆ, ಕಣ್ಣುರಿಗೆ ಎರಡು ತೊಟ್ಟು. ಹಾಗಾಗಿ ನಮಗೆ ಅದು ಪಾನೀಯವಲ್ಲ, ಔಷಧಿ. ದೇವರನ್ನು ಪ್ರಶ್ನಿಸಿದ್ದೇನೆ, ಜಾತಕವನ್ನು ಪ್ರಶ್ನಿಸಿದ್ದೇನೆ. ಎಳನೀರನ್ನು ಪ್ರಶ್ನಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ದಂಡೆಯ ಎಳನೀರು ಗಾಡಿಯವನಿಂದ ಒಂದು ಕೊಚ್ಚಿಸಿ ತಂದೆ. "ಚಿಪ್ಪಿನೊಳಗಿನ ನೀರು, ಹೊರಗಿನ ಗಾಳಿ ಸಹ ಸೋಕಿಲ್ಲ. ಇದಕ್ಕಿಂತ ಶುದ್ಧವಾದದ್ದು ಈ ದಂಡೆಲಿ ಇನ್ನೇನೈತೆ?" ಎಂದು ಆ ಹೆಂಗಸನ್ನೇ ಕೇಳಿದೆ. ನಾನು ಹಾಗೆ ಕೇಳುತ್ತಿರುವಾಗ ಮರಳಿನ ಮೇಲೆ ಕೂತಿದ್ದ ನನ್ನ ಗೆಳತಿಯ ಬಲಗೈ ನೆಲದಿಂದ ಸ್ವಲ್ಪ ಮೇಲೆದ್ದು ನನ್ನ ಎಡಗೈಯ ಕಡೆಗೆ ಸರಿಯಿತು. ಚೀಟಿ ಕೊಡುವಾಗ ಸರಿಸುವ ಹಾಗೆಯೇ. ನಾನು ಅದನ್ನು ಕಂಡೆ. ಕಂಡರೂ ವಾಕ್ಯದ ಮಧ್ಯದಲ್ಲಿದ್ದೆ.

ಸುರಿದೆ. ಅವಳು ಮೊದಲಿಗಿಂತ ಜೋರಾಗಿ ಕಿರುಚಿದಳು.

"ಕೆಲ್ಸ ಮಾಡ್ತಾ ಐತೆ ಅಂತ ಅರ್ಥ, ತಡ್ಕೋ" ಎಂದೆ.

ಗಂಜಿ ಕೆರೆಯಲು ಸಿಪ್ಪೆಯಿಂದ ಕತ್ತರಿಸಿಕೊಡುವ ಚೂರು ಇರುತ್ತದಲ್ಲ, ಅದರಿಂದಲೇ ಆ ಎಳೆಗಳನ್ನು ಗಸಗಸ ಕೆರೆದು ತೆಗೆದೆ. ಅವಳು ತುಟಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಮೀನಿನ ಹೆಂಗಸು ಎದ್ದು ಸೆರಗು ಕೊಡವಿ, "ನಿಮ್ಮ ಬಾಯಿಗೆ ಕಡಲೂ ಸಾಕಾಗ್ಲಿಕ್ಕಿಲ್ಲ" ಎಂದು ಬುಟ್ಟಿಯ ಕಡೆ ಹೋದಳು. ನಾನು ಗೆದ್ದಿದ್ದೆ.

ವಾಪಸ್ ಬರುವ ಬಸ್ಸಿನಲ್ಲಿ ಅವಳು ನಿದ್ದೆ ಹೋದ ಮೇಲೆ ಫೋನು ತೆಗೆದು ನೋಡಿದೆ. ಅದು ಲೋಳೆಮೀನು, ಜೆಲ್ಲಿ ಫಿಶ್. ಮರಳ ಮೇಲೆ ಬಿದ್ದಿದ್ದ ಆ ಗಂಜಿಯೂ ಅದೇ. ಅದರ ಎಳೆಗಳ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ವಿಷದ ಚೀಲಗಳು. ಚರ್ಮಕ್ಕೆ ಅಂಟಿದ ಮೇಲೂ ಎಷ್ಟೋ ಒಡೆಯದೆ ಉಳಿದಿರುತ್ತವೆ. ಉಪ್ಪಿಲ್ಲದ ನೀರು ಬಿದ್ದರೆ ಒಡೆಯುತ್ತವೆ. ಉಜ್ಜಿದರೆ, ಒತ್ತಿ ಕೆರೆದರೆ ಒಡೆಯುತ್ತವೆ. ಸಮುದ್ರದ ನೀರಲ್ಲೇ ತೊಳೆದು, ಎಳೆಗಳನ್ನು ಚಿಮಟದಲ್ಲಿ ಮೆಲ್ಲಗೆ ಎತ್ತಿ, ಮೈ ತಡೆಯುವಷ್ಟು ಬಿಸಿ ನೀರಲ್ಲಿ ಇಟ್ಟರೆ ನೋವು ಇಳಿಯುತ್ತದೆ. ಬುಟ್ಟಿ ಬಿಟ್ಟು ಓಡಿಬಂದವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕಾರಣ ಮಾತ್ರ ನನ್ನ ಫೋನಿನಲ್ಲಿತ್ತು. ಓದಿ, ಫೋನು ಆರಿಸಿ, ಕಿಟಕಿಯ ಕಡೆ ತಿರುಗಿದೆ. ಅವಳಿಗೆ ಹೇಳಲಿಲ್ಲ. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ. ಬೆಳಿಗ್ಗೆ ಉರಿ ಕಡಿಮೆಯಾಗಿತ್ತು, ಹೇಳುವ ಅಗತ್ಯವೇನು ಎಂದುಕೊಂಡೆ. ಇವೆರಡೂ ವಾದಗಳೇ, ಎದುರಾಳಿ ಇಲ್ಲದಿದ್ದರಿಂದ ನಿಂತವು.

ಗೆರೆಗಳು ಮಂಕಾದವು. ಪ್ಯಾಂಟಿನ ಒಳಗೆ ಯಾರಿಗೂ ಕಾಣಲಿಲ್ಲ. ಹತ್ತು ದಿನ ಕಳೆಯುವಷ್ಟರಲ್ಲಿ ಅದೇ ಗೆರೆಗಳ ಮೇಲೆ ಅದೇ ಸುತ್ತಿನಲ್ಲಿ ಮತ್ತೆ ಕೆಂಪಗೆ ಎದ್ದಿತು, ಈ ಸಲ ತುರಿಕೆ, ಸಣ್ಣ ಸಣ್ಣ ನೀರು ಗುಳ್ಳೆ. ಕಾಲು ತೊಳೆಯುವಾಗ ಅವಳ ಸೋದರತ್ತೆ ನೋಡಿಬಿಟ್ಟರು. ಆಕೆ ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲೇ ಇದ್ದವರು. ಸುತ್ತಲ ಹಳ್ಳಿಗಳಲ್ಲಿ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವ ಕೈ ಅವರದು. ಒಂದು ಕಾಸು ಮುಟ್ಟುವುದಿಲ್ಲ. ನೋಡಿದ ತಕ್ಷಣ ತೀರ್ಪು ಕೊಟ್ಟರು.

ಅವಳು ನನಗೆ ಕಾಲೇಜಿನಲ್ಲಿ ಬಂದು ಹೇಳಿದಳು. ಹೇಳಿ, "ಸರ್ಪಸುತ್ತು ಅಂದ್ಕೊಳ್ಳಲಿ ಬುಡು. ಸಮುದ್ರದ ಮಾತು ಒಂದೂ ಬಾಯಿ ಬುಡಬೇಡ ಕಣೇ. ಅಪ್ಪಂಗೆ ಗೊತ್ತಾದ್ರೆ ಮುಗೀತು. ನನ್ನಾಣೆ" ಎಂದಳು.

ಆಣೆಯಲ್ಲಿ ನನಗೆ ನಂಬಿಕೆಯಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಹಾಕಿದಳು.

ಎರಡನೇ ಭಾನುವಾರ ಅವರ ಮನೆಗೆ ಹೋದೆ. ಅವಳು ಹಜಾರದಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಅತ್ತೆ ಕರಟದಲ್ಲಿ ಕೆಮ್ಮಣ್ಣು, ಗರಿಕೆ ರಸ ಕಲಸಿಕೊಂಡು, ಗುಳ್ಳೆಗಳ ಗೆರೆಯುದ್ದಕ್ಕೂ ಹಾವಿನ ಮೈ ಬರೆದಿದ್ದರು. ಸುತ್ತಿನ ಎರಡು ತುದಿಗಳಲ್ಲಿ ಒಂದಕ್ಕೆ ತಲೆ, ಒಂದಕ್ಕೆ ಬಾಲ. ನಡುವೆ ಉಳಿದ ಎರಡು ಬೆರಳಷ್ಟು ಚರ್ಮದ ಮೇಲೆ ಒಂದು ಅಡ್ಡಗೆರೆ. ತಲೆ ಬಾಲ ಕೂಡಿದರೆ ಪ್ರಾಣಕ್ಕೇ ಅಪಾಯ, ಕೂಡದ ಹಾಗೆ ಆ ಗೆರೆ. ಚೆನ್ನಾಗಿಯೇ ಬರೆದಿದ್ದರು, ಸುಳ್ಳು ಹೇಳುವುದಿಲ್ಲ. ಒಗ್ಗರಣೆ ವಾಸನೆ ಸೋಕಬಾರದು, ಸೋಪು ಸೋಕಬಾರದು, ತೊಳೆಯಬಾರದು. ಆದರೆ ಒಣಗಿ ಬಿರುಕು ಬಿಟ್ಟ ಮಣ್ಣಿನ ಅಡಿಯಿಂದ ಹಳದಿ ನೀರು ಒಸರುತ್ತಿತ್ತು. ಮೀನಖಂಡ ಊದಿತ್ತು. ಅವಳ ಹಣೆ ಮುಟ್ಟಿದೆ, ಸುಡುತ್ತಿತ್ತು.

ಇಲ್ಲಿ ನನ್ನೆದುರು ಇದ್ದದ್ದು ಎರಡೇ. ಬಾಯಿ ಮುಚ್ಚಿಕೊಂಡರೆ ಆ ಕಾಲು ಕೀವು ಕಟ್ಟುತ್ತದೆ. ಬಾಯಿ ಬಿಟ್ಟರೆ ಅವಳು ನನ್ನ ಪಾಲಿಗೆ ಉಳಿಯುವುದಿಲ್ಲ. ಅವಳು ಕಣ್ಣಿನಲ್ಲೇ ಬೇಡ ಎನ್ನುತ್ತಿದ್ದಳು. ಅದನ್ನೂ ಕಂಡೆ.

"ಅತ್ತೆ, ಇದು ಸರ್ಪಸುತ್ತಲ್ಲ. ಸಮುದ್ರದಾಗೆ ಲೋಳೆಮೀನು ತಾಗಿರೋದು."

"ಏನಂದೆ? ಲೋಳೆಸರದ ಮೀನಾ?"

"ಲೋಳೆಸರ ಅಲ್ಲ ಅತ್ತೆ, ಲೋಳೆಮೀನು. ಜೆಲ್ಲಿ ಫಿಶ್ ಅಂತಾರೆ."

"ಅದುಕ್ಕೆ ಹಲ್ಲೈತಾ?"

"ಇಲ್ಲ."

"ಮೂಳೆ?"

"ಇಲ್ಲ."

"ಕಣ್ಣಾದ್ರೂ ಐತಾ?"

"ನಮ್ಮಂಗೆ ಕಣ್ಣಿಲ್ಲ."

ಅತ್ತೆ ಕರಟ ಕೆಳಗಿಟ್ಟರು. "ಹಲ್ಲಿಲ್ಲ, ಮೂಳೆ ಇಲ್ಲ, ಕಣ್ಣಿಲ್ಲ, ಆದ್ರೂ ಹುಡುಕ್ಕೊಂಡು ಬಂದು ಕಚ್ಚೋಯ್ತು. ಇದ್ನ ನಾನು ನಂಬ್ಬೇಕು. ತೋಟದಾಗೆ ದಿನಾ ಕಾಣೋ ಸರ್ಪನ ನೀನು ನಂಬಾಕಿಲ್ಲ. ಹಂಗೇ ತಾನೆ ಕಣವ್ವ?"

ವೇದಿಕೆಯ ಮೇಲಾಗಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ಅಷ್ಟರಲ್ಲಿ ಅವಳ ಅಪ್ಪ ಹಿತ್ತಲಿನಿಂದ ಬಂದು ಕಂಬದ ಪಕ್ಕ ನಿಂತಿದ್ದರು.

"ನೀರಿಗೆ ಇಳಿಸಿದ್ಯಾರು?" ಎಂದು ಕೇಳಿದರು. ಕೂಗಲಿಲ್ಲ.

"ನಾನು."

"ಹಂಗಾದ್ರೆ ಜಲಗಂಡ ದಿಟ ಆಯ್ತಲ್ಲೋ ಅಣ್ಣ!" ಎಂದರು ಅತ್ತೆ. ಅವರ ದನಿಯಲ್ಲಿ ಗೆಲುವು ಇರಲಿಲ್ಲ, ದಿಗಿಲಿತ್ತು. ಸರ್ಪವನ್ನು ಓಡಿಸಲು ಹೋಗಿ ಜಾತಕಕ್ಕೆ ಸಾಕ್ಷಿ ಒದಗಿಸಿದ್ದೆ. ಕಾಕತಾಳೀಯ ಎಂಬ ಪದ ನಾಲಿಗೆಯ ತುದಿಯಲ್ಲಿತ್ತು. ಆ ಹಜಾರದಲ್ಲಿ ಅದನ್ನು ಯಾರ ಮುಂದೆ ಇಡಲಿ?

ಆಗ ನನ್ನ ಗೆಳತಿ ಬಾಯಿ ಬಿಟ್ಟಳು. "ಇವ್ಳು ಸುಳ್ಳು ಹೇಳ್ತಾವ್ಳೆ ಅಪ್ಪ. ನಾನು ಸಮುದ್ರನೇ ನೋಡಿಲ್ಲ."

ಕಾಲು ನೋಡಿಕೊಂಡೇ ಹೇಳಿದಳು. ನನ್ನ ಪಕ್ಷದ ಒಬ್ಬಳೇ ಸಾಕ್ಷಿ ಎದುರು ಪಕ್ಷಕ್ಕೆ ಹೋದಳು. ನಾನು ಚಪ್ಪಲಿ ಮೆಟ್ಟಿ ಹೊರಟೆ. ಬಾಗಿಲವರೆಗೂ ಯಾರೂ ಬರಲಿಲ್ಲ. ಬಸ್ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ಎದುರಿನ ತೋಟದಲ್ಲಿ ಒಂದು ಒಣ ಗರಿ ದಡಾರನೆ ಬಿತ್ತು.

ಮಾರನೆ ಬೆಳಿಗ್ಗೆ ಅವಳ ಅಪ್ಪನಿಂದ ಫೋನು. "ಡಾಕ್ಟ್ರ ತಾವ ಕರ್ಕೊಂಡು ಬತ್ತಾ ಇದೀನಿ. ನೀನೂ ಬಾರಮ್ಮ. ಏನಾಯ್ತು ಅಂತ ಬಿಡ್ಸಿ ಹೇಳೋರು ಬೇಕು." ಮಗಳು ನೋಡಿಲ್ಲ ಎಂದ ಸಮುದ್ರವನ್ನು ಅವರು ನಂಬಿದ್ದರು. ಅಥವಾ ಜಲಗಂಡವನ್ನು ನಂಬಿದ್ದರಿಂದ ಸಮುದ್ರವನ್ನೂ ನಂಬಬೇಕಾಯಿತೋ.

ತಿಪಟೂರಿನ ಚರ್ಮದ ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತರು, ನಾವಿಬ್ಬರೇ ಒಳಗೆ. ಡಾಕ್ಟರು ಒದ್ದೆ ಹತ್ತಿಯಿಂದ ಕೆಮ್ಮಣ್ಣನ್ನು ಒಂದಿಷ್ಟೂ ಬೈಯದೆ ನೆನೆಸಿ ನೆನೆಸಿ ತೆಗೆದರು. ಹಾವು ಹೋಗಿ ಗೆರೆ ಉಳಿಯಿತು.

"ಸಮುದ್ರಕ್ಕೆ ಹೋಗಿದ್ದೆಯಾ?"

ಅವಳು ಹೌದೆಂದು ತಲೆಯಾಡಿಸಿದಳು. ಹಿಂದಿನ ದಿನ ಅಲ್ಲಗಳೆದದ್ದನ್ನೇ ಡಾಕ್ಟರ ಮುಂದೆ ಒಪ್ಪಿಕೊಂಡವಳು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

"ಲೋಳೆಮೀನು. ಕೆಲವರಿಗೆ ಹೀಗೆ ವಾರ ಹದಿನೈದು ದಿನ ಬಿಟ್ಟು ಮತ್ತೆ ಏಳುತ್ತೆ, ಮೈ ಆ ವಿಷವನ್ನ ನೆನಪಿಟ್ಟುಕೊಂಡಿರುತ್ತೆ. ಅದು ತಾನಾಗೇ ಇಳಿಯೋದೇ. ಆದರೆ ಇಲ್ಲಿ ನೋಡು, ಗೆರೆಯ ಮೇಲೆ ಚರ್ಮವೇ ಕಿತ್ತಿದೆ, ಅದಕ್ಕೇ ಸೋಂಕಾಗಿದೆ." ಕನ್ನಡಕ ಮೇಲೆತ್ತಿದರು. "ಅವತ್ತು ಇದನ್ನ ಯಾರು ಕೆರೆದಿದ್ದು?"

ಗೋಡೆಯ ಮೇಲೆ ಗಡಿಯಾರ ಇತ್ತು. ನಮ್ಮ ಬಹುಮಾನದ್ದೇ ಜಾತಿಯದು. ಅದರ ಮುಳ್ಳು ಎಷ್ಟು ಮನೆ ಸರಿಯಿತೋ ಗೊತ್ತಿಲ್ಲ. ಸ್ಪರ್ಧೆಯಲ್ಲಿ ಸಮಯ ಮುಗಿದ ಗಂಟೆ ಬಾರಿಸಿದರೂ ನಿಲ್ಲದ ನನ್ನ ಬಾಯಿ ತೆರೆಯಲಿಲ್ಲ. ಅವಳ ಗುಟ್ಟನ್ನು ಅವಳ ಅಪ್ಪನೆದುರು ಬಿಚ್ಚಿಟ್ಟವಳು ನಾನು. ನನ್ನದೊಂದನ್ನು ಯಾರೋ ಗುರುತಿಲ್ಲದ ಡಾಕ್ಟರ ಎದುರು ಹೇಳಲಾಗಲಿಲ್ಲ.

"ನಾನೇ" ಎಂದಳು ಅವಳು. "ಗೊತ್ತಾಗಲಿಲ್ಲ ಮೇಡಂ. ನಾನೇ ಕೆರ್ಕೊಂಡೆ."

ಡಾಕ್ಟರು ಬರೆಯುತ್ತ ಹೋದರು. ಸೋಂಕು ಇಳಿಯಲು ಮಾತ್ರೆ, ಆಮೇಲೆ ತೆಳ್ಳಗೆ ಹಚ್ಚಲು ಮುಲಾಮು, ತುರಿಕೆಗೆ ಮಲಗುವಾಗ ಒಂದು ಗುಳಿಗೆ. ಕೆರೆಯಬಾರದು, ಬಿಸಿಲಿಗೆ ಬಿಡಬಾರದು. ಮುಂದೆ ಎಂದಾದರೂ ತಾಗಿದರೆ ಸಮುದ್ರದ ನೀರು, ಆಮೇಲೆ ಬಿಸಿನೀರು. ವಿನಿಗರ್ ಕೆಲವು ಜಾತಿಗೆ ಒಳ್ಳೆಯದು, ಕೆಲವಕ್ಕೆ ಕೆಡುಕು. ಅಲ್ಲಿಯವರನ್ನು ಕೇಳದೆ ಹಾಕಬಾರದು. ಉಸಿರು ಕಟ್ಟಿದರೆ, ಮುಖ ಊದಿದರೆ ಯಾವುದಕ್ಕೂ ಕಾಯದೆ ಆಸ್ಪತ್ರೆ. "ಕಲೆ ಮಾಸೋಕೆ ತಿಂಗಳುಗಟ್ಟಲೆ ಬೇಕು. ಹೆದರಬೇಡ" ಎಂದರು. ಅಲ್ಲಿಯವರನ್ನು ಕೇಳದೆ ಎಂಬ ಮಾತನ್ನು ಹೇಳುವಾಗ ಅವರು ಸುಮ್ಮನೆ ನನ್ನ ಕಡೆ ನೋಡಿದ್ದರು ಅಷ್ಟೇ. ನನಗೆ ಮಾತ್ರ ಕಿವಿ ಬಿಸಿಯಾಯಿತು.

ಮೂರನೇ ಭಾನುವಾರ ಅತ್ತೆ ಕೆಲಸ ಬಿಡಲಿಲ್ಲವಂತೆ. "ಡಾಕ್ಟ್ರು ಕಾಲು ಮುಟ್ಟಬೇಡ ಅಂದವ್ರೆ ತಾನೆ? ಮುಟ್ಟಲ್ಲ" ಎಂದು ಕರಟದ ಮೇಲೆ ಹಾವು ಬರೆದು, ತಲೆ ಬಾಲದ ನಡುವೆ ಅಡ್ಡಗೆರೆ ಎಳೆದು, ಅದನ್ನು ಅವಳ ಕಾಲ ಬಳಿ ಇಟ್ಟು ಕೂತರಂತೆ. ಆ ವಾರ ಗುಳ್ಳೆ ಒಣಗಿತು. ಮಾತ್ರೆಯಿಂದ ಎಂದು ನಾನು, ಕರಟದಿಂದ ಎಂದು ಬಿಳಿಗೆರೆ. ಮಾತ್ರೆ ಸೋಂಕು ಇಳಿಸಿತು ಎಂದು ನಾನು ತೋರಿಸಬಲ್ಲೆ; ಮಿಕ್ಕದ್ದು ತಾನಾಗೇ ಇಳಿಯುವಂಥದ್ದು ಎಂದು ಡಾಕ್ಟರೇ ಹೇಳಿದ್ದರು. ಅಲ್ಲಿಗೆ ನನ್ನ ಗೆಲುವೂ ಅರ್ಧವೇ.

ಆಮೇಲೆ ಅವಳು ತರಗತಿಯಲ್ಲಿ ಎರಡು ಬೆಂಚು ಹಿಂದೆ ಕೂರತೊಡಗಿದಳು. ಜಗಳವಾಡಲಿಲ್ಲ. ಜಗಳವಾಡಿದ್ದರೆ ನಾನು ಸಂಭಾಳಿಸುತ್ತಿದ್ದೆ, ಅದು ನನಗೆ ಬರುವ ವಿದ್ಯೆ. ಫೋನು ಮಾಡಿದರೆ, "ನೆಟ್‌ವರ್ಕ್ ಸಿಗ್ತಿಲ್ಲ ಕಣೇ" ಎಂದು ಸ್ಪಷ್ಟವಾಗಿ ಕೇಳುವ ದನಿಯಲ್ಲಿ ಹೇಳಿ ಇಡುತ್ತಿದ್ದಳು. ಮುಂದಿನ ಸ್ಪರ್ಧೆಗೆ ಮೇಷ್ಟ್ರು ಬೇರೊಬ್ಬಳನ್ನು ಜೊತೆ ಮಾಡಿದರು. ಮಾತಿನ ಮಧ್ಯೆ ನನ್ನ ಎಡಗೈ ತಾನಾಗೇ ಮೇಜಿನ ಮೇಲೆ ಪಕ್ಕಕ್ಕೆ ಸರಿದು ಅಂಗೈ ಬಿಚ್ಚಿ ಕಾಯಿತು. ಹೊಸಬಳು ಅದನ್ನು ನೋಡಿ, ನೀರು ಬೇಕೇನೋ ಎಂದು ಬಾಟಲಿ ಕೊಟ್ಟಳು. ನಾನು ಮುಂದಿನ ವಾಕ್ಯ ಮರೆತೆ.

ಮನೆಯಲ್ಲಿ ಎಲ್ಲರೂ ಇದ್ದಾರೆ. ಆದರೆ ಊಟಕ್ಕೆ ಕೂತಾಗ ನಾನು ಬಾಯಿ ತೆರೆದರೆ, "ಶುರುವಾಯ್ತು ನೋಡು" ಎಂದು ಒಬ್ಬೊಬ್ಬರೇ ತಟ್ಟೆ ಎತ್ತುತ್ತಾರೆ. ಹಾಗಾಗಿ ಅಟ್ಟ ಹತ್ತಿ, ಒಣಗುತ್ತಿರುವ ಕಾಯ ರಾಶಿಯ ಮುಂದೆ ಕೂತು, ಪರವಾಗಿಯೂ ವಿರೋಧವಾಗಿಯೂ ನಾನೇ ಮಾತಾಡುತ್ತೇನೆ. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತೇನೆ. ನೀರು ಆರಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಒಳಗೆ ಗುಡುಗುಡು ಎನ್ನುತ್ತದೆ. ಮಾತು ಮುಗಿದ ಮೇಲೆ ಅಲ್ಲಿ ಕೇಳುವುದು ಅದೊಂದೇ.

ಈಚೆಗೆ ನನಗೆ ಜ್ವರ ಬಂದಿತ್ತು. ಅಮ್ಮ ಮರ ಹತ್ತಿಸಿ ಎಳನೀರು ಇಳಿಸಿದರು. ಕುಡಿದೆ. ಗಂಜಿ ಕೆರೆಯಲು ಸಿಪ್ಪೆಯ ಚೂರನ್ನು ಕೈಗೆ ಕೊಟ್ಟಾಗ ಹಿಡಿಯಲಾಗಲಿಲ್ಲ. "ಯಾಕೆ, ಗಂಜಿ ಚೆನ್ನಾಗೈತಲ್ಲ?" ಎಂದರು ಅಮ್ಮ. ಚೆನ್ನಾಗಿಯೇ ಇತ್ತು. ಬೆಳ್ಳಗೆ, ದುಂಡಗೆ, ಬೆಳಕು ಹಾಯುವಷ್ಟು ತೆಳ್ಳಗೆ.

ಹೋದ ವಾರ ತಿಪಟೂರು ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡೆ. ಅವಳ ಬಸ್ಸು ಬೇರೆ, ನನ್ನದು ಬೇರೆ. ಅವಳು ಆಗಲೇ ಕಿಟಕಿ ಪಕ್ಕ ಕೂತು, ಸೊನ್ನೆ ಟಿಕೆಟ್ಟನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಕಿಟಕಿಯ ಕೆಳಗೆ ಹೋಗಿ ನಿಂತೆ.

"ಊಟ ಆಯ್ತಾ?" ಎಂದಳು.

"ಆಯ್ತು. ಕಾಲು?"

"ಪರ್ವಾಗಿಲ್ಲ. ಕಲೆ ಒಸಿ ಐತೆ."

ಡ್ರೈವರ್ ಹತ್ತಿ ಕೂತ. ಇಂಜಿನ್ ಶುರುವಾಗಿ ಕಿಟಕಿಯ ಸರಳುಗಳು ನಡುಗತೊಡಗಿದವು. ಕಿಟಕಿಯ ಹತ್ತಿರ ಬರುವಾಗ ನನ್ನ ಬಳಿ ಮೂರು ಅಂಶಗಳಿದ್ದವು, ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ಕೆರೆದದ್ದು ನಾನು ಎಂದು ಹೇಳಬೇಕಿತ್ತು. ಆ ಹೆಂಗಸು ಸರಿ ಇದ್ದಳು ಎಂದು ಅದೇ ರಾತ್ರಿ ಗೊತ್ತಾಯಿತು ಎಂದು ಹೇಳಬೇಕಿತ್ತು. ಮೂರನೆಯದು ಮರೆತೇಹೋಯಿತು. ಮೊದಲೆರಡನ್ನು ಇಂಜಿನ್ ಸದ್ದಿನ ಮೇಲೆ ಕೂಗಿ ಹೇಳಿದೆ. ಅವಳು ಗೊತ್ತು ಎನ್ನುವ ಹಾಗೆ ತಲೆಯಾಡಿಸಿ ಟಿಕೆಟ್ಟು ನೋಡಿಕೊಂಡಳು. ಬಸ್ಸು ಹಿಂದಕ್ಕೆ ಸರಿಯಿತು. ನಾನು ಅದರ ಜೊತೆಗೇ ನಾಲ್ಕು ಹೆಜ್ಜೆ ನಡೆದೆ.

"ಅವತ್ತು ಎಳನೀರು ಎತ್ತಿದಾಗ ನಿನ್ನ ಕೈ ನನ್ನ ಕಡೆ ಬಂತಲ್ಲೇ. ನಾನು ನೋಡಿದ್ದೆ ಕಣೇ. ಅವಾಗ ನಿನ್ನ ಹತ್ರ ಪೆನ್ನಿದ್ದಿದ್ರೆ, ಚೀಟಿಲಿ ಏನ್ ಬರೀತಿದ್ದೆ?"